ಮೂರು ಹಿಡಿ ಹುಣಸೆಹಣ್ಣು

ಗ್ರಾಹಕನನ್ನು ಕಾಪಾಡಲು ಸರ್ಕಾರ ಯಾವ ಕಾನೂನು ತಂದರೂ, ಅದು ಮದರಾಸಿನಿಂದ ಹೊರಟು ಕೃಷ್ಣಗಿರಿ ದಾಟಿ ನಮ್ಮ ಹೊಸೂರಿಗೆ ಬರುವಷ್ಟರಲ್ಲಿ, ಅದರಿಂದ ತಪ್ಪಿಸಿಕೊಳ್ಳುವ ಉಪಾಯ ಅದಕ್ಕೂ ಮುಂಚಿನ ಬಸ್ಸಿನಲ್ಲೇ ಬಂದು ಇಳಿದಿರುತ್ತಿತ್ತು. ಇದು ಒಂದು ಸಲ ಎರಡು ಸಲ ಆದದ್ದಲ್ಲ. ಎಪ್ಪತ್ತು, ಎಂಬತ್ತರ ದಶಕಗಳ ಉದ್ದಕ್ಕೂ ತೂಕ ಅಳತೆಯ ಇನ್ಸ್‌ಪೆಕ್ಟರಾಗಿ ಈ ಸೀಮೆ ಸುತ್ತಿದವನು ನಾನು, ಕಣ್ಣಾರೆ ಕಂಡಿದ್ದೇನೆ.

ಕಾಲೇಜಿನಲ್ಲಿ ನಾನು ಓದಿದ್ದು ಭೌತಶಾಸ್ತ್ರ. ಭೂಮಿಯ ಮೇಲೆ ಒಂದು ಕಿಲೋ ಎಂದರೆ ಎಲ್ಲೆಲ್ಲೂ ಒಂದು ಕಿಲೋ ಎಂದು ನಂಬಿ ಕೆಲಸಕ್ಕೆ ಸೇರಿದೆ. ಅದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ತಕ್ಕಡಿ, ತೂಕದ ಬಟ್ಟು ಪರೀಕ್ಷೆ ಮಾಡಿ, ಸರಿಯಿದ್ದರೆ ಸರ್ಕಾರದ ಮುದ್ರೆ ಒತ್ತುವುದು ನನ್ನ ಕೆಲಸ. ಯಾಕೆ ಬಂದ ಅಂತ ಅಂಗಡಿಯವರಿಗೆ ಸಿಟ್ಟು, ಯಾಕೆ ಬರಲಿಲ್ಲ ಅಂತ ಕೊಳ್ಳುವವರಿಗೆ ಸಿಟ್ಟು. ನನಗಂತೂ ಅದು ಸದಾ ಮೂಗಿನ ತುದಿಯಲ್ಲೇ. ಈಗ ನಿವೃತ್ತನಾಗಿ, ಬೈಯುವವರು ಮನೆಯಲ್ಲಿ ಒಬ್ಬರೇ ಉಳಿದಿರುವಾಗ, ಆ ಸಿಟ್ಟುಗಳನ್ನೆಲ್ಲ ನೆನೆಸಿಕೊಂಡು ಒಬ್ಬನೇ ಕೂತು ನಗುತ್ತೇನೆ.

ಆದರೆ ಒಂದು ಸಿಟ್ಟಿಗೆ ಮಾತ್ರ ಇವತ್ತಿಗೂ ಕೈ ಮುಗಿಯುತ್ತೇನೆ. ಅದು ನಾಟ್ರಾಂಪಾಳ್ಯದ ಕಡೆಯ ಒಬ್ಬ ಅವ್ವನದು. ತನಗೆ ಸೇರಬೇಕಾದ ಮೂರು ಹಿಡಿ ಹುಣಸೆಹಣ್ಣಿಗಾಗಿ ಆಕೆ ಒಬ್ಬ ಮಂಡಿ ಸಾಹುಕಾರರನ್ನೂ, ಇಡೀ ಸರ್ಕಾರವನ್ನೂ, ಮಧ್ಯೆ ಸಿಕ್ಕ ನನ್ನನ್ನೂ ಎದುರು ಹಾಕಿಕೊಂಡಳು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು, ನಾವು ಎಂಥ ಊರುಗಳಲ್ಲಿ ಕಾನೂನು ಹೊತ್ತು ತಿರುಗುತ್ತಿದ್ದೆವು ಅಂತ ತಿಳಿಯಲು ಎರಡು ಸಣ್ಣ ಕತೆಗಳು.

ದೇವರ ಪಕ್ಕದ ಒಂದು ಕಿಲೋ

ಬಾಗಲೂರಿನ ಒಂದು ದಿನಸಿ ಅಂಗಡಿ. ಒಳಗೆ ಕಾಲಿಟ್ಟರೆ ಅಂಗಡಿಯವನು ಒಂದು ಹೊಳೆಗಲ್ಲಿಟ್ಟು ಬೇಳೆ ತೂಗುತ್ತಿದ್ದಾನೆ.

"ಮುದ್ರೆ ಹಾಕಿದ ಬಟ್ಟು ಎಲ್ಲಯ್ಯಾ?" ಅಂದೆ.

ದೇವರ ಗೂಡು ತೋರಿಸಿದ. ದೇವರ ಪಟದ ಪಕ್ಕದಲ್ಲಿ ಕಿಲೋದಿಂದ ಐವತ್ತು ಗ್ರಾಮಿನವರೆಗೆ ಬಟ್ಟುಗಳು ಸಾಲಾಗಿ ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿವೆ. ತಲೆ ಮೇಲೆ ಒಂದೊಂದು ಹೂವು.

"ಸರ್ಕಾರ ಮುದ್ರೆ ಒತ್ತಿ ಕೊಟ್ಟಿರೋ ಸಾಮಾನು ಸಾರ್. ಅದನ್ನ ದಿನಾ ಎಣ್ಣೆ ಕೈಯಲ್ಲಿ ಮುಟ್ಟೋಕಾಗ್ತದಾ?" ಅಂದ, ಬಹಳ ನೊಂದವನ ಹಾಗೆ.

ನನಗೆ ರೇಗಿಹೋಯಿತು. ಹೂವು ಕಿತ್ತು ಕಿಲೋದ ಬಟ್ಟನ್ನು ಇಳಿಸಿ, ಅಲ್ಲೇ ನಿಂತಿದ್ದ ಹೆಂಗಸಿನ ಬೇಳೆಯನ್ನು ಮತ್ತೆ ತೂಗಿಸಿದೆ. ಎರಡು ಬೊಗಸೆ ಬೇಳೆ ಹೆಚ್ಚಿಗೆ ಬಿತ್ತು. ಆಕೆ ನನಗೆ ಕೈ ಮುಗಿಯುತ್ತಾಳೆ ಎಂದುಕೊಂಡು ಎದೆ ಮುಂದೆ ಮಾಡಿಕೊಂಡು ನಿಂತೆ. ಆಕೆ ತಂದಿದ್ದ ಡಬ್ಬಕ್ಕೆ ಬೇಳೆ ಸುರಿದಳು. ಅದು ತುಂಬಿ ನೆಲಕ್ಕೆ ಚೆಲ್ಲಿತು.

"ಹತ್ತು ವರ್ಷದಿಂದ ಈ ಡಬ್ಬಕ್ಕೆ ಒಂದು ಕಿಲೋ ಸರಿಯಾಗಿ ಹಿಡೀತಿತ್ತು," ಅಂತ ನನ್ನ ಮೇಲೇ ತಿರುಗಿಬಿದ್ದಳು. "ಇವತ್ತು ನೀವು ಬಂದ್ರಿ, ಚೆಲ್ಲೋಯ್ತು. ಈಗ ಹೇಳಿ, ಯಾರ ತೂಕ ತಪ್ಪು?"

ಪೊರಕೆಯ ಹಿಂದಿನ ಬೆಲೆಪಟ್ಟಿ

ತುರ್ತು ಪರಿಸ್ಥಿತಿಯ ಕಾಲದಲ್ಲಿ ಪ್ರತಿ ಅಂಗಡಿಯಲ್ಲೂ ಬೆಲೆಪಟ್ಟಿ ತೂಗುಹಾಕಬೇಕೆಂದು ಬಿಗಿ ಅಪ್ಪಣೆಯಾಯಿತು. ಹೊಸೂರಿನ ಒಬ್ಬ ಅಂಗಡಿಯವರು ಬಾಗಿಲಷ್ಟು ದೊಡ್ಡ ಬೋರ್ಡು ಮಾಡಿಸಿ, ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬೆಲೆ ಬರೆಸಿ ನೇತುಹಾಕಿದರು. ಆಮೇಲೆ ಅದರ ಮುಂದೆ, ಮೇಲಿಂದ ಕೆಳಗಿನವರೆಗೆ ಪೊರಕೆ ನೇತುಹಾಕಿದರು.

"ಸಕ್ಕರೆ ಬೆಲೆ ಕಾಣೋದೇ ಇಲ್ಲವಲ್ಲ ಸ್ವಾಮಿ!" ಎಂದು ಕೂಗಾಡಿದೆ.

"ಕಾಣ್ತದೆ ಸಾರ್, ಯಾಕೆ ಕಾಣಲ್ಲ?" ಅಂದರು ಅವರು ತಣ್ಣಗೆ. "ಎರಡು ಪೊರಕೆ ತಗೊಳ್ಳಿ, ಸಕ್ಕರೆ ಕಾಣ್ತದೆ. ನಾಲ್ಕು ತಗೊಂಡ್ರೆ ಕಡಲೆಕಾಯಿ ಎಣ್ಣೆನೂ ಕಾಣ್ತದೆ."

ಪೊರಕೆ ತೆಗೆಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಮಾರನೆಯ ವಾರ ಹೋದರೆ ಮತ್ತೆ ಪೊರಕೆ. ಹೊಸ ದಾಸ್ತಾನಂತೆ, ಇಡಲು ಬೇರೆ ಜಾಗವಿಲ್ಲವಂತೆ. ನಿಜವಾದ ಬೆಲೆ ತಿಳಿದೇ ತೀರಬೇಕೆಂಬ ಹಟದಲ್ಲಿ ಆರು ಪೊರಕೆ ಕೊಂಡು ಬೋರ್ಡು ಪೂರ್ತಿ ಓದಿದೆ. ಬೆಲೆಗಳೆಲ್ಲ ಸರಿಯಾಗಿಯೇ ಇದ್ದವು. ಮನೆಯಲ್ಲಿ ಹೆಂಡತಿ ಪೊರಕೆಗಳನ್ನು ನೋಡಿ, ನನ್ನನ್ನು ನೋಡಿ, "ಕಸ ಎಲ್ಲಿದೆ ಅಂತ ಈಗ ಗೊತ್ತಾಯ್ತು ಬಿಡಿ" ಅಂದಳು.

ಕೂಡಿಸಿ ಭಾಗಿಸಿದ ಕಿಲೋ

ಇನ್ನು ಅವ್ವನ ಕತೆ.

ಆಕೆ ಕಾಡಂಚಿನ ತನ್ನ ಮೂರು ಮರಗಳ ಹುಣಸೆ ಬಡಿದು, ಸೊಸೆಯ ಜೊತೆ ಕೂತು ಒಂದೊಂದೇ ಬೀಜ ತೆಗೆದು, ಎರಡು ಪುಟ್ಟಿ ಹಣ್ಣನ್ನು ಅಂಚೆಟ್ಟಿ ಮೇಲೆ ಬಸ್ಸಿನಲ್ಲಿ ಡೆಂಕಣಿಕೋಟೆ ಸಂತೆಗೆ ತರುತ್ತಿದ್ದಳು. ವರ್ಷದ ಉಪ್ಪು, ಸೀಮೆಎಣ್ಣೆ, ಸೀರೆ, ಎಲ್ಲ ಆ ಹಣ್ಣಿನಲ್ಲೇ ಆಗಬೇಕು. ಕೊಳ್ಳುತ್ತಿದ್ದವರು ಒಬ್ಬ ಮಂಡಿ ಸಾಹುಕಾರರು. ಒಂದು ದಿನ ಆಕೆ ಸಂತೆಯಲ್ಲೇ ನನ್ನ ಜೀಪಿಗೆ ಅಡ್ಡ ನಿಂತಳು.

"ಮನೇಲಿ ತೂಗಿದ್ರೆ ಒಂದು, ಇಲ್ಲಿ ತೂಗಿದ್ರೆ ಒಂದು. ದಾರೀಲಿ ನನ್ ಹಣ್ಣ ಬಸ್ಸು ತಿಂತದಾ ಸಾಮಿ?"

ಮಂಡಿಗೆ ನುಗ್ಗಿದೆ. ಐದು ಕಿಲೋದ ಎರಡು ಬಟ್ಟು ಸಿಕ್ಕವು. ಮಾರುವ ಬಟ್ಟು ಕಾಲು ಕಿಲೋ ಕಡಿಮೆ. ಕೊಳ್ಳುವ ಬಟ್ಟಿನ ತಳಕ್ಕೆ ಸೀಸ ತುಂಬಿಸಿದ್ದರು, ಕಾಲು ಕಿಲೋ ಜಾಸ್ತಿ. ಸಿಟ್ಟಿನಲ್ಲಿ ಎರಡನ್ನೂ ಸಾಹುಕಾರರ ಮುಂದೆ ಕುಕ್ಕಿದೆ. ಅವರು ಮಾತ್ರ ನನ್ನ ಮುಂದೆ ಎಳನೀರು ಇಟ್ಟು ನಕ್ಕರು.

"ಸಾರ್, ತಾವು ಓದಿದೋರು. ಒಂದೊಂದನ್ನೇ ನೋಡಿದ್ರೆ ತಪ್ಪು ಕಾಣ್ತದೆ. ಎರಡೂ ಕೂಡಿಸಿ ಅರ್ಧ ಮಾಡಿ ನೋಡಿ, ಸರಿಯಾಗಿ ಐದೇ ಕಿಲೋ!"

ಹೇಳಲು ನಾಚಿಕೆ, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸರಿಯಾಗಿತ್ತು.

ಎರಡೂ ಬಟ್ಟು ಜಪ್ತಿ ಮಾಡಿ, ಕೇಸು ಹಾಕಿ, ದಂಡ ಕಟ್ಟಿಸಿ, ಹೊಸ ಬಟ್ಟು ಇಡಿಸಿದೆ. ಲೋಕ ಉದ್ಧಾರವಾಯಿತು ಅಂದುಕೊಂಡು ಒಂದು ತಿಂಗಳು ಬಿಟ್ಟು ಹೋದರೆ, ಅವ್ವ ಮತ್ತೆ ಜೀಪಿಗೆ ಅಡ್ಡ.

ಮಂಡಿಯಲ್ಲಿ ಒಂದು ಪದ್ಧತಿ. ತೂಗುವ ಮೊದಲು ಮಾರುವವರ ಹಣ್ಣಿನಿಂದ ದೇವರಿಗೆ ಅಂತ ಒಂದು ಹಿಡಿ ತೆಗೆದುಕೊಳ್ಳುತ್ತಾರೆ. ನನ್ನ ಬಟ್ಟು ಬಂದ ಮೇಲೆ ಸಾಹುಕಾರರು ದೇವರದಲ್ಲದೆ ಮಾದರಿಗೊಂದು ಹಿಡಿ, ಕಸ ಗುಡಿಸುವವಳಿಗೊಂದು ಹಿಡಿ ಶುರುಮಾಡಿದ್ದರು.

"ನೀವು ಬರಾಕ್ ಮುಂಚೆ ಒಂದ್ ಹಿಡಿ ಓಗ್ತಿತ್ತು," ಅಂದಳು ಅವ್ವ. "ಕಾಪಾಡೀನಿ ಅಂತ ಬಂದ್ರಿ, ಈಗ ಮೂರು. ಇನ್ನೊಂದ್ ಕಿತಾ ಕಾಪಾಡ್ಬ್ಯಾಡಿ, ಪುಟ್ಟಿನೇ ಓಗ್ಬುಡ್ತದೆ!"

ಮಾರುವವಳು ಗ್ರಾಹಕಳಲ್ಲ

ಎಂಬತ್ತಾರರ ಕೊನೆಯಲ್ಲಿ ಗ್ರಾಹಕ ಸಂರಕ್ಷಣಾ ಕಾನೂನು ಬಂತು. ಹೊಸ ಪುಸ್ತಕದ ವಾಸನೆ ಹೋಗುವ ಮೊದಲೇ ಓದಿ ಮುಗಿಸಿದೆ. ಮೂರು ಹಿಡಿಗೆ ಇದರಲ್ಲಿ ಮದ್ದಿದೆ ಎಂದು ಆಸೆ. ನಮ್ಮ ಪರಿಚಯದ ಒಬ್ಬ ವಕೀಲರ ಹತ್ತಿರ ಅವ್ವನನ್ನು ಕರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿಕೊಂಡು ಎಲ್ಲ ಕೇಳಿದರು.

"ಅಮ್ಮಾ, ಈ ಕಾನೂನು ಕೊಳ್ಳುವವರಿಗೆ. ನೀವು ಮಾರುವವರು. ನೀವು ಗ್ರಾಹಕರಲ್ಲ."

"ಅದೇ ಮಂಡೀಲಿ ನಾನು ಉಪ್ಪು ಕೊಂಡ್ಕೊತೀನಲ್ಲಾ?"

"ಉಪ್ಪಿಗೆ ನೀವು ಗ್ರಾಹಕರು. ಅದರಲ್ಲಿ ಮೋಸವಾದರೆ ಕೇಸು ಹಾಕಬಹುದು."

"ಹುಣಸೆಹಣ್ಣಲ್ಲಿ ಮೋಸ ಆದ್ರೆ?"

"ಆಗಲ್ಲಮ್ಮ."

ಅವ್ವ ಸೆರಗು ಬಿಗಿದು ಕಟ್ಟಿದಳು. ಅದು ಆಕೆಗೆ ಸಿಟ್ಟು ಬಂದ ಗುರುತು. "ಅಂಗಾರೆ ನನ್ ಹಣ್ಣ ಅವನಿಗೆ ಮಾರ್ಬುಟ್ಟು, ತಿರ್ಗಾ ನಾನೇ ಕೊಂಡ್ಕೊಂಡು, ಕಮ್ಮಿ ಬಂತು ಅಂತ ಕೇಸಾಕ್ಲಾ?"

ವಕೀಲರು ಬಹಳ ಹೊತ್ತು ಪುಸ್ತಕ ತಿರುವಿದರು. ಆಮೇಲೆ ನಿಜವಾದ ಸಂತೋಷದಿಂದ ತಲೆಯೆತ್ತಿದರು. "ಅದಾಗ್ತದೆ!"

ಹೊರಗೆ ಬಂದ ಮೇಲೆ ನನಗೆ ಬಿದ್ದ ಬೈಗಳನ್ನು ಇಲ್ಲಿ ಬರೆಯುವಂತಿಲ್ಲ. ಅವು ಮೂರು ಭಾಷೆಯಲ್ಲಿದ್ದವು ಎಂದಷ್ಟೇ ಹೇಳುತ್ತೇನೆ.

ಕೈಗೊಂದು ಮುದ್ರೆ

ವರ್ಷಕ್ಕೊಮ್ಮೆ ಡೆಂಕಣಿಕೋಟೆಯ ಸಂತೆ ಮೈದಾನದಲ್ಲಿ ಮೇಜು ಹಾಕಿಕೊಂಡು ಮುದ್ರೆ ಹಾಕುವ ಕ್ಯಾಂಪು ನಡೆಸುತ್ತಿದ್ದೆವು. ಅಂಗಡಿಯವರು ತಕ್ಕಡಿ, ಬಟ್ಟು, ಎಣ್ಣೆ ಅಳೆಯುವ ಮಾಪು ಹೊತ್ತು ಸಾಲಾಗಿ ಬರುತ್ತಿದ್ದರು. ನನ್ನ ಪಕ್ಕದಲ್ಲಿ ಸುತ್ತಿಗೆ ಹಿಡಿದ ಪ್ಯೂನು. ಅವನ ಆಚೆ, ಅರ ಹಿಡಿದು ಕೂತ ರಿಪೇರಿಯವನು. ಬಟ್ಟಿನ ತೂಕ ಜಾಸ್ತಿ ಬಂದರೆ ಅರದಲ್ಲಿ ಉಜ್ಜಿ ಇಳಿಸುವುದು ಅವನ ಕೆಲಸ. ಕೆಲಸದಲ್ಲಿ ಪರಮ ನಿಷ್ಠ. ಲೋಕದಲ್ಲಿ ಬೇರೇನು ನಡೆದರೂ ತಲೆ ಎತ್ತುತ್ತಿರಲಿಲ್ಲ.

ಆ ವರ್ಷದ ಕ್ಯಾಂಪಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ಗಲಾಟೆ. ನೋಡಿದರೆ ಅವ್ವ, ಮಂಡಿ ಸಾಹುಕಾರರ ಬಲಗೈ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಬರುತ್ತಿದ್ದಾಳೆ. ಹಿಂದೆ ಆಕೆಯ ಪುಟ್ಟಿ ಹೊತ್ತುಕೊಂಡು ಹುಣಸೆ ಮಾರುವ ಹೆಂಗಸರ ದೊಡ್ಡ ಗುಂಪು. ಆಕೆ ಆ ಕೈಯನ್ನು ತಂದು ನನ್ನ ಮೇಜಿನ ಮೇಲೆ, ಬಟ್ಟು ಇಡುವ ಹಾಗೆ, ಧಡ್ ಅಂತ ಇಟ್ಟಳು.

"ಹೊಡೀರಿ ಸಾಮಿ ಮುದ್ರೆ!"

"ಏನವ್ವಾ ಇದು?"

"ಯಾಪಾರದಲ್ಲಿ ಅಳೆಯೋ ಸಾಮಾನಿಗೆಲ್ಲಾ ಮುದ್ರೆ ಇರ್ಬೇಕು ಅಂತ ಬೆಳಗಿಂದ ಕೂಗ್ತಾವ್ರೆ ನಿಮ್ಮೋರು. ಇವನು ನನ್ ಹಣ್ಣ ಅಳೆಯೋದು ತಕ್ಕಡೀಲಲ್ಲ, ಈ ಕೈಯಾಗೆ. ಇದಕ್ಕೆಲ್ಲೈತೆ ಮುದ್ರೆ?"

"ಸಾರ್, ನೀವೇ ಹೇಳಿ ಸಾರ್," ಅಂತ ಸಾಹುಕಾರರು ಬೆವರಿದರು. "ಹಿಡಿ ಅಂದ್ರೆ ಎಷ್ಟು ಮಹಾ? ದೇವರ ಕೆಲಸ."

ನನಗೂ ಇಷ್ಟು ವರ್ಷದ ಸಿಟ್ಟು ಒಟ್ಟಿಗೇ ಏರಿತು. "ಸರಿ, ಪರೀಕ್ಷೆ ಮಾಡೋಣ. ಒಂದು ಹಿಡಿ ತೆಗೆದು ತಕ್ಕಡಿ ತಟ್ಟೆಗೆ ಹಾಕಿ," ಅಂದೆ. ಸಾಹುಕಾರರು ಅವ್ವನ ಪುಟ್ಟಿಯಿಂದ ಮೂರು ಬೆರಳಲ್ಲಿ ಮಲ್ಲಿಗೆ ಹೂವು ಎತ್ತುವ ಹಾಗೆ ಚಿಟಿಕೆ ಹಣ್ಣು ಎತ್ತಿಟ್ಟರು.

"ಏನ್ಲಾ ಇದು!" ಅಂತ ಅವ್ವ ಗುಡುಗಿದಳು. "ಇದು ನೀನು ಭಿಕ್ಷುಕ್ರಿಗೆ ಹಾಕೋ ಹಿಡಿ. ನಮ್ಮತ್ರ ಕಿತ್ಕೊಳ್ಳೋ ಹಿಡಿ ತೋರ್ಸ್ಲಾ!"

ಹಿಂದಿದ್ದ ಹೆಂಗಸರೆಲ್ಲ "ತೋರ್ಸು, ತೋರ್ಸು" ಅಂದರು. ಒಬ್ಬಳಂತೂ ಅವರ ಮೊಣಕೈ ಹಿಡಿದು ಪುಟ್ಟಿಯೊಳಗೇ ಅದ್ದಿದಳು. ಕೈ ಮೇಲೆ ಬಂತು. ಅಭ್ಯಾಸ ಬಲ ನೋಡಿ, ಅದು ತಾನಾಗಿ ಐದು ಬೆರಳೂ ಅಗಲಿಸಿ, ಅಂಟು ಹಣ್ಣನ್ನು ಮುಷ್ಟಿಗೂ ಮಣಿಕಟ್ಟಿಗೂ ಮೆತ್ತಿಕೊಂಡೇ ಬಂತು! ತಟ್ಟೆಗೆ ಹಾಕಿದರೆ ನಾನೂರು ಗ್ರಾಂ. ಅಂಥ ಮೂರು ಹಿಡಿ ಅಂದರೆ ಒಂದು ಕಿಲೋ ಮೇಲೆ ಇನ್ನೂರು. ಮೈದಾನವೆಲ್ಲ ಹೋ ಅಂತು.

ನಾನು ಎದ್ದು ನಿಂತು ಗಂಭೀರವಾಗಿ ಹೇಳಿದೆ: "ಇದು ಮುದ್ರೆಯಿಲ್ಲದ ಅಳತೆ. ಇದರಲ್ಲಿ ವ್ಯಾಪಾರ ಮಾಡುವುದು ಅಪರಾಧ. ನಿಯಮದ ಪ್ರಕಾರ ನಾನು ಇದನ್ನು ಜಪ್ತಿ ಮಾಡಬೇಕು."

"ಕೈಯನ್ನಾ?" ಅಂದರು ಸಾಹುಕಾರರು.

"ಜಪ್ತಿ ಬ್ಯಾಡ ಬುಡಿ ಸಾಮಿ, ಅವನೂ ಉಣ್ಬೇಕಲ್ಲ," ಅಂದಳು ಅವ್ವ, ಕೈ ಮಾತ್ರ ಬಿಡದೆ. "ಸರಿ ಮಾಡಿ ಮುದ್ರೆ ಹಾಕಿ ಕೊಡಿ."

ಇಷ್ಟೂ ಹೊತ್ತು ತಲೆಯೆತ್ತದೆ ಕೂತಿದ್ದ ರಿಪೇರಿಯವನ ಮುಂದೆ ಆ ಕೈ ಹೋಯಿತು. ಅವನು ಹಿಂದಿನ ಬಟ್ಟಿನ ಪುಡಿ ಊದಿ, ಅರವನ್ನು ಪಂಚೆಗೆ ಒರೆಸಿಕೊಂಡು ಕೇಳಿದ:

"ಎಷ್ಟು ಗ್ರಾಂ ಇಳಿಸ್ಬೇಕು ಸಾರ್?"

ಆಮೇಲಿನದೆಲ್ಲ ಒಂದು ನಿಮಿಷದಲ್ಲಿ ಮುಗಿಯಿತು. ದೇವರ ಹಿಡಿ, ಮಾದರಿ ಹಿಡಿ, ಗುಡಿಸುವವಳ ಹಿಡಿ, ಮೂರನ್ನೂ ಸಾಹುಕಾರರು ಇಡೀ ಸಂತೆಯ ಎದುರು ಅಲ್ಲಿಗೇ ನಿಲ್ಲಿಸಿದರು. ದೇವರಿಗೆ ಕೈಯಾರೆ ಕೊಡುತ್ತೇನೆ, ಗುಡಿಸುವವಳಿಗೆ ಸಂಬಳ ಕೊಡುತ್ತೇನೆ ಎಂದು ಆಣೆ ಇಟ್ಟರು. ಆಗ ಅವ್ವ ಮಣಿಕಟ್ಟು ಬಿಟ್ಟಳು.

ಮುಂದಿನ ವಾರ ಕುತೂಹಲ ತಡೆಯಲಾರದೆ ಮಂಡಿಗೆ ಹೋದೆ. ಅವ್ವನ ಎರಡೂ ಪುಟ್ಟಿ ಪೂರ್ತಿಯಾಗಿ ತಕ್ಕಡಿ ಏರಿದ್ದವು. ಆಳು ತೂಗುತ್ತಿದ್ದ. ಸಾಹುಕಾರರು ಹಣ್ಣಿನಿಂದ ಮಾರು ದೂರದಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ ನಿಂತಿದ್ದರು. ಇನ್ನಾದರೂ ಆಕೆಯ ಸಿಟ್ಟು ಇಳಿದಿರಬೇಕು ಎಂದು ಅವ್ವನ ಮುಖ ನೋಡಿದೆ.

ಆಕೆ ತಕ್ಕಡಿ ಕಡೆ ನೋಡುತ್ತಲೇ ಇರಲಿಲ್ಲ. ಸೆರಗು ಬಿಗಿದು ಕಟ್ಟಿ, ಸಾಹುಕಾರರ ಸುತ್ತ ಒಂದು ಸುತ್ತು ಬಂದು ಕೂಗಿದಳು:

"ಕೈಯ ಮುಂದಕ್ ತೆಗೀಲಾ! ಬೆನ್ನಿಂದೆ ಏನು ತೂಗ್ತಿದ್ದೀಯೋ, ಯಾರ್ ಕಂಡೋರು!"