ದೇವೀಂದ್ರಪ್ಪನ ತುಕ್ಕು

ತುಕ್ಕು ಹಿಡಿಯಲಿ ಎಂದು ದೇವರಿಗೆ ಹರಕೆ ಹೊತ್ತವನು ಇಡೀ ಕಲಬುರಗಿಯಲ್ಲಿ ಲೆಕ್ಚರರ್ ದೇವೀಂದ್ರಪ್ಪ ಒಬ್ಬನೇ. ತುಕ್ಕು ಹಿಡಿಯದ ಸ್ಟೀಲು ಕೂಡ ಸಮುದ್ರದ ನೀರಿನಲ್ಲಿ, ಎರಡು ತಗಡು ಕೂಡುವ ಸಂದಿಯೊಳಗೆ, ಗುಟ್ಟಾಗಿ ತುಕ್ಕು ಹಿಡಿಯುತ್ತದೆ. ಅದು ಯಾವಾಗ, ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದೇ ಅವನ ಪಿಎಚ್‌.ಡಿ. ದೀಪಾವಳಿಯೊಳಗೆ ತುಕ್ಕು ಖಚಿತ ಎಂದು ಕಾಲೇಜಿನ ಕಂಪ್ಯೂಟರು ಹೇಳಿತ್ತು. ಕಲಬುರಗಿಗೆ ಸಮುದ್ರ ಬರುವುದಿಲ್ಲವಲ್ಲ! ಜೇವರ್ಗಿ ಕಾಲೋನಿಯ ಬಾಡಿಗೆ ಮನೆಯ ಹಿತ್ತಲಲ್ಲಿ ಟಬ್ಬಿನ ನೀರಿಗೆ ಉಪ್ಪು ಕಲಸಿ ತಾನೇ ಸಮುದ್ರ ಮಾಡಿ, ಬೋಲ್ಟು ಬಿಗಿದ ತಗಡುಗಳನ್ನು ಮುಳುಗಿಸಿ, ಯಾರೂ ಮುಟ್ಟಕೂಡದೆಂದು ಮುಚ್ಚಿಟ್ಟಿದ್ದ.

ದೀಪಾವಳಿ ಮುಗಿದಿತ್ತು; ಅಂದು ಗೈಡು ಪ್ರೊಫೆಸರ್ ಖಂಡೆಪ್ಪ ನೋಡಲು ಬರುವವರಿದ್ದರು. ತುಕ್ಕು ಕಂಡರೆ ಥೀಸಿಸ್ಸಿಗೆ ಸಹಿ, ಇಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಬೆಳಿಗ್ಗೆ ದೇವೀಂದ್ರಪ್ಪ ಬೋಲ್ಟು ಬಿಚ್ಚಿ ನೋಡಿದ. ತಗಡು ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಅವನ ಪೆಚ್ಚು ಮೋರೆ ಸ್ಪಷ್ಟವಾಗಿ ಕಂಡಿತು.

“ಅತ್ತಿ, ಈ ನೀರು ಯಾರರೆ ಮುಟ್ಟೀರೇನು?”

ಕಮಲಾಪುರದಿಂದ ಮಗಳ ಮನೆಗೆಂದು ಬಂದು ಆಷಾಢದಿಂದ ಇಲ್ಲೇ ಇದ್ದ ಮಲ್ಕಮ್ಮ ನಕ್ಕರು. “ಮುಟ್ಟದ ಬಿಡ್ತೀನೇನ್ರೀ? ನಿನ್ನಿ ಬಾಸಿ ನೀರು ಮನ್ಯಾಗ ಇಟ್ರ ದರಿದ್ರ. ದಿನಾ ಮುಂಜಾನೆ ಚೆಲ್ಲಿ, ನಳದ ಸಿಹಿ ನೀರು ತುಂಬೀನಿ.”

ಪಕ್ಕದ ಮನೆಯ ಚಾಂದಬಿ ಗೋಡೆಯಾಚೆಯಿಂದ ಇಣುಕಿದಳು. “ತುಕ್ಕು ಬೇಕಾಗಿತ್ತಾ ಸರ್? ನಮ್ ಗೇಟಿಗಿ ಬೇಕಾದಷ್ಟು ಅದ. ಜರಾ ಕೆರೆದು ಕೊಡ್ಲೇನ್ರೀ?”

ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದು. ಸಿಹಿನೀರಿನ ಸಂಗತಿ ತಿಳಿದರೆ ಥೀಸಿಸ್ಸಿನ ಜೊತೆ ಮಾನವೂ ಹೋಗುತ್ತಿತ್ತು. ದೇವೀಂದ್ರಪ್ಪ ಅಡುಗೆಮನೆಗೆ ಓಡಿ, ಉಪ್ಪಿನ ಡಬ್ಬಿಯನ್ನೇ ತಂದು ಟಬ್ಬಿಗೆ ಸುರಿದು, ಮೊಣಕೈವರೆಗೆ ಕೈ ಹಾಕಿ ಕದಡಿದ. ಇಷ್ಟು ಓದಿ ಕೊನೆಗೆ ಅಡುಗೆಭಟ್ಟನ ಕೆಲಸಕ್ಕೆ ಬಂದೆನಲ್ಲ ಎಂದು ಅವನಿಗೇ ನಗು ಬಂತು.

ಖಂಡೆಪ್ಪ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳು ಅದ್ದಿ ನೀರಿನ ರುಚಿ ನೋಡಿ ಮುಖ ಕಿವುಚಿದರು. ಆಮೇಲೆ ಶಿಷ್ಯನನ್ನು ಗಟ್ಟಿಯಾಗಿ ತಬ್ಬಿಕೊಂಡರು.

“ಇಷ್ಟು ಉಪ್ಪಿನಾಗೂ ಸಂದಿ ಹಿಂಗ ಹೊಳೀತದಂದ್ರ ನಿನ್ನ ಲೆಕ್ಕ ಪೂರಾ ತಪ್ಪು ನೋಡಪಾ! ಆದ್ರ ಶೋಧ ದೊಡ್ಡದು. ಹಳಿ ಥೀಸಿಸ್ ಒಗಿ, ಹೊಸಾದು ಶುರು ಮಾಡು. ಇದನ್ನ ಯಾರು ನೋಡ್ಕೊಂಡಾರ?”

“ನಾನರೀ ಸಾಹೇಬ್ರ,” ಮಲ್ಕಮ್ಮ ಸೆರಗು ಸರಿಮಾಡಿಕೊಂಡರು. “ದಿನಾ ಮುಂಜಾನೆ...”

“ದಿನಾ ಮುಂಜಾನೆ ನೋಡ್ಕೋತಿದ್ರು ಸರ್!” ದೇವೀಂದ್ರಪ್ಪ ಅರಚಿದ.

“ಹಂಗಾದ್ರ ಹೊಸ ಥೀಸಿಸ್ ಮುಗಿಯೂತನಕ ಇವ್ರನ್ನ ಎಲ್ಲಿಗೂ ಕಳಸಬ್ಯಾಡ. ಕೈ ಬದಲಾದ್ರ ಪ್ರಯೋಗ ಕೆಡ್ತದ.”

ದೇವೀಂದ್ರಪ್ಪ ಟಬ್ಬಿನ ಪಕ್ಕದಲ್ಲೇ ಕುಸಿದು ಕುಳಿತ. ಮಲ್ಕಮ್ಮನಿಗೆ ಅಳಿಯನ ಮೇಲೆ ಅಕ್ಕರೆ ಉಕ್ಕಿ ಬಂತು.

“ಚಿಂತಿ ಮಾಡಬ್ಯಾಡ್ರಿ. ಇಂಥಾವು ಇನ್ನೂ ನಾಕು ಟಬ್ ಇಡ್ರಿ. ನನ್ನೊಬ್ಬಾಕಿ ಕೈಲೆ ಆಗಂಗಿಲ್ಲಂದ್ರ ಕಮಲಾಪುರದಿಂದ ನಿಮ್ಮ ಮಾವನವರನ್ನೂ ಕರಸ್ತೀನಿ.”