ಮೈಲೇಜ್ ಏರಿದ ದಿನ

ಗ್ರಂಥಪಾಲಕರ ನೆಮ್ಮದಿ ಕೆಡಿಸಿದ್ದು ಒಂದೇ ಒಂದು ಅಂಕಿ: ಏಳು. ಹೊಸ ಕಾರಿನ ಸ್ಟಿಯರಿಂಗ್ ಹಿಂದಿನ ಪುಟ್ಟ ಪರದೆಯಲ್ಲಿ ಅದು ಹಸಿರಾಗಿ ಹೊಳೆಯುತ್ತಿತ್ತು. ಲೀಟರಿಗೆ ಏಳು ಕಿಲೋಮೀಟರ್. ಶೋರೂಮಿನವನು ಹದಿನೆಂಟು ಎಂದಿದ್ದ. ಅದನ್ನು ಫೋನಿನಲ್ಲಿ ಅಕ್ಕನಿಗೆ ಹೇಳುವಾಗ, ಇನ್ನೆರಡಕ್ಕೆ ಜಿಪುಣತನವೇಕೆಂದು ಗ್ರಂಥಪಾಲಕರು ಇಪ್ಪತ್ತು ಮಾಡಿಬಿಟ್ಟಿದ್ದರು.

ಜೀವನವಿಡೀ "ಶ್, ಮೆಲ್ಲಗೆ" ಎಂದು ಪಿಸುಗುಟ್ಟಿದ ಮನುಷ್ಯ ಐವತ್ತರ ಅಂಚಿನಲ್ಲಿ ಬೀದಿ ನಡುಗುವಂತೆ ಗರ್ಜಿಸುವ ಕೆಂಪು ಕಾರು ಕೊಂಡದ್ದು ಎಲ್ಲರಿಗೂ ಅಚ್ಚರಿ. ಅಕ್ಕನಿಗೆ ಮಾತ್ರ ಸಿಟ್ಟು. "ನಿನಗೆ ಯಾಕೋ ಈ ಕುದುರೆ? ಸಾಕೋಕಾಗುತ್ತಾ?" ಎಂದಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅವರನ್ನು ಎತ್ತಿ ಆಡಿಸಿದವಳು ಅವಳು. ಅವಳೆದುರು ತಪ್ಪೊಪ್ಪಿಕೊಳ್ಳುವುದೆಂದರೆ ಅವರ ಮಾತು ಈಗಲೂ ತಡವರಿಸುತ್ತಿತ್ತು.

ಆ ಅಕ್ಕ ಹಿಂದಿನ ದಿನವೇ ಬಂದಿಳಿದಿದ್ದಳು. ದೂರದೂರಿನಲ್ಲಿ ಅವಳ ಮಗಳಿಗೆ ಚೊಚ್ಚಲ ಹೆರಿಗೆ. ಇವತ್ತೋ ನಾಳೆಯೋ ಎಂದು ವೈದ್ಯರು ಹೇಳಿದ್ದರು. ಮಧ್ಯಾಹ್ನದ ರೈಲಿಗೆ ಅವಳನ್ನು ಹತ್ತಿಸುವ ಹೊಣೆ ತಮ್ಮನದು. ಅವಳು ಕೂರುವುದು ಮುಂದಿನ ಸೀಟಿನಲ್ಲೇ. ಏಳು ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ?

ಬೆಳಿಗ್ಗೆ ಕಾರಿನ ಮುಂದೆ ಸಪ್ಪೆ ಮುಖ ಹಾಕಿಕೊಂಡು ನಿಂತ ಗ್ರಂಥಪಾಲಕರನ್ನು ಮೇಲಿನ ಮಹಡಿಯ ನಿವೃತ್ತ ರೈಲು ಡ್ರೈವರ್ ಕಂಡರು. ಸಂಗತಿ ಕೇಳಿ ತಲೆಯಾಡಿಸಿದರು.

"ಭಾರ ಸ್ವಾಮಿ, ಭಾರ! ಗಾಡಿ ಅಂದ್ಮೇಲೆ ಮೊದ್ಲು ಭಾರ ಇಳಿಸ್ಬೇಕು."

ಎದುರುಮನೆಯ ದರ್ಜಿ ಹೆಂಗಸು ಕತ್ತರಿ ಹಿಡಿದುಕೊಂಡೇ ಓಡಿಬಂದಳು. ಇಬ್ಬರೂ ಸೇರಿ ಹೆಚ್ಚುವರಿ ಚಕ್ರ, ಜಾಕು, ಕಾಲೊರಸು, ಕೊನೆಗೆ ಕೊಡೆಯನ್ನೂ ಹೊರಗೆಳೆದು ಬಾಗಿಲ ಮುಂದೆ ಗುಡ್ಡೆ ಹಾಕಿದರು. ಕಾರು ಕ್ಷೌರಕ್ಕೆ ಕೂತ ಮಗುವಿನಂತೆ ಪೆಚ್ಚಾಗಿ ನಿಂತಿತ್ತು.

"ಎಸಿ ಹಾಕ್ಬೇಡಿ. ಕಿಟಕಿ ತೆಗೆದ್ರೆ ಗಾಳಿ ತಡೆಯುತ್ತೆ, ಅದೂ ಬೇಡ" ಎಂದ ದರ್ಜಿಯ ಕಣ್ಣು ಅಷ್ಟರಲ್ಲಿ ಹೊರಬಂದ ಅಕ್ಕನ ಚೀಲದ ಮೇಲೆ ಬಿತ್ತು. "ಇದ್ರಲ್ಲೇನಮ್ಮಾ?"

"ಹುಟ್ಟೋ ಮಗೂಗೆ ಬಟ್ಟೆ."

"ಅಂಗೈಯಷ್ಟು ಕೂಸಿಗೆ ಇಷ್ಟೊಂದಾ?"

ಅಕ್ಕ ಚೀಲವನ್ನು ಎದೆಗವಚಿಕೊಂಡಳು. "ಮುಟ್ಟಿ ನೋಡು, ಹೇಳ್ತೀನಿ."

ಹೀಗೆ ಹೂವಿನಷ್ಟು ಹಗುರವಾದ ಕಾರಿನೊಳಗೆ, ದಾರಿ ತೋರಿಸಲೆಂದು, ಬೀದಿಯಲ್ಲೇ ಅತಿ ದಪ್ಪಗಿದ್ದ ರೈಲು ಡ್ರೈವರ್ ಹತ್ತಿ ಕೂತರು. ಕೂತವರು ಸುಮ್ಮನಿರಲಿಲ್ಲ. "ಹಳೇ ಲೆಕ್ಕ ಅಳಿಸ್ಬೇಕು" ಎನ್ನುತ್ತ ಹಿಂದಿನಿಂದ ಕೈ ಚಾಚಿ ಸ್ಟಿಯರಿಂಗ್ ಮೇಲಿನ ಗುಂಡಿಗಳನ್ನೆಲ್ಲ ಒತ್ತಿದರು. ವೈಪರ್ ಆಡಿತು, ರೇಡಿಯೊ ಕಿರುಚಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪರದೆಯ ಮೇಲೆ ಹದಿನಾಲ್ಕು ಮೂಡಿತು.

"ನೋಡಿದ್ರಾ! ದುಪ್ಪಟ್ಟು!" ಎಂದರು ಡ್ರೈವರ್.

ಗ್ರಂಥಪಾಲಕರ ಎದೆಯ ಮೇಲಿನ ಕಲ್ಲು ಇಳಿಯಿತು.

"ಇನ್ನು ಮೊದಲನೇ ಗೇರಲ್ಲೇ ಹೋಗಿ. ಅವಸರ ಬೇಡ, ಎಂಜಿನ್‌ಗೆ ಸುಸ್ತಾಗಬಾರ್ದು."

ಕಾರು ಗೊರಗೊರ ಎನ್ನುತ್ತ ತೆವಳಿತು. ಮುಚ್ಚಿದ ಗಾಜುಗಳ ಒಳಗೆ ಮೂವರೂ ಹಬೆಯಲ್ಲಿ ಬೆಂದರು. ಸೈಕಲ್ಲಿನವರು ಮುಂದೆ ಹೋದರು. ಊರುಗೋಲು ಹಿಡಿದ ಅಜ್ಜನೊಬ್ಬ ಪಕ್ಕದಲ್ಲೇ ನಡೆಯುತ್ತ, "ಕೆಟ್ಟೋಗಿದ್ಯಾ? ತಳ್ಳಲಾ?" ಎಂದು ಕರುಣೆಯಿಂದ ಕೇಳಿದ. ಗ್ರಂಥಪಾಲಕರಿಗೆ ಅದು ಯಾವುದೂ ನಾಟಲಿಲ್ಲ. ಅಂಕಿ ಹದಿನಾರಾಗಿತ್ತು, ಮಾರುಕಟ್ಟೆಯ ಗದ್ದಲದಲ್ಲಿ ಹದಿನೆಂಟಾಯಿತು.

"ಲೋ, ಪೆಟ್ರೋಲ್ ಮುಳ್ಳು ಕೆಳಗಿಳೀತಾ ಇದೆ ಕಣೋ. ಬಂಕ್ ಬಂತು, ಹಾಕಿಸ್ಕೊ" ಎಂದಳು ಅಕ್ಕ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ.

"ನಿಲ್ಸಿದ್ರೆ ಲೆಕ್ಕ ಕೆಡುತ್ತೆ ಅಕ್ಕ. ಇನ್ನೆರಡೇ ಬಾಕಿ."

"ಏನು ಎರಡು?"

ಬಂಕ್ ಹಿಂದೆ ಸರಿಯಿತು.

ಸೇತುವೆಯ ಏರಿನ ತುದಿಯಲ್ಲಿ ಅಂಕಿ ಇಪ್ಪತ್ತಕ್ಕೆ ಮುಟ್ಟಿತು. "ಅಕ್ಕ, ನೋಡು! ನಾನು ಹೇಳಿದ್ದು ಸುಳ್ಳಾ?" ಎಂದು ಗ್ರಂಥಪಾಲಕರು ಕೂಗಿದರು, ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಜೋರಾಗಿ ಕೂಗಿದ್ದಿಲ್ಲ. ಅದೇ ಗಳಿಗೆಗೆ ಕಾರು ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು. ಕೆಳಗೆ ನಿಲ್ದಾಣ ಕಾಣುತ್ತಿತ್ತು. ರೈಲು ಬಂದು ನಿಂತಿತ್ತು.

ಹಿಂದೆ ಹಾರ್ನ್‌ಗಳ ಸುರಿಮಳೆ. ಅಕ್ಕ ಕನ್ನಡಕ ಏರಿಸಿ ಪರದೆಯ ಹತ್ತಿರ ಬಾಗಿದಳು.

"ಅಂಕಿ ಪಕ್ಕ ಸಣ್ಣದಾಗಿ ಏನೋ ಬರ್ದಿದೆಯಲ್ಲೋ. ಓದಿದೀಯಾ? ನೂರು ಕಿಲೋಮೀಟರಿಗೆ ಇಪ್ಪತ್ತು ಲೀಟರ್."

ಕಾರಿನೊಳಗೆ ಗ್ರಂಥಾಲಯದ ಮೌನ ಕವಿಯಿತು. ಗುಂಡಿ ಒತ್ತುವ ಭರದಲ್ಲಿ ಲೆಕ್ಕವೇ ತಿರುವುಮುರುವಾಗಿತ್ತು. ಅಂಕಿ ಏರಿದಷ್ಟೂ ಪೆಟ್ರೋಲ್ ಹೆಚ್ಚು ಉರಿದಿತ್ತು.

"ಹಾಗಾದ್ರೆ ಲೀಟರಿಗೆ..." ಎಂದು ಡ್ರೈವರ್ ಬೆರಳು ಮಡಚತೊಡಗಿದರು.

"ಐದು" ಎಂದರು ಗ್ರಂಥಪಾಲಕರು. ಬೆಳಗಿನ ಏಳು ಅವರಿಗೀಗ ಬಂಗಾರದಂತೆ ತೋರಿತು.

ಬೈಗುಳಕ್ಕೆ ಕಾದಿದ್ದರು. ಅಕ್ಕ ಬೈಯಲಿಲ್ಲ. ಚೀಲ ಎತ್ತಿಕೊಂಡು ಬಾಗಿಲು ತೆಗೆದಳು. "ನನ್ನ ಮಗಳು ಕಾಯ್ತಿದ್ದಾಳೆ" ಎಂದಷ್ಟೇ ಹೇಳಿ, ಅರವತ್ತು ದಾಟಿದ ಆ ಜೀವ ಇಳಿಜಾರಿನಲ್ಲಿ ಓಡಿತು. ಗ್ರಂಥಪಾಲಕರು ಕಾರು ಬಿಟ್ಟು ಹೋಗುವಂತಿರಲಿಲ್ಲ. ಸೇತುವೆಯ ಕಂಬಿ ಹಿಡಿದು ನಿಂತರು. ಜನಜಂಗುಳಿಯಲ್ಲಿ ಅವಳ ಬಿಳಿ ತುರುಬು ಮರೆಯಾಯಿತು. ರೈಲು ಹೊರಟಿತು. ಅವಳು ಹತ್ತಿದಳೋ ಇಲ್ಲವೋ ತಿಳಿಯಲಿಲ್ಲ. ಗೇಲಿ ಮಾಡುತ್ತಿದ್ದವರ ನಡುವೆ ಕಾರು ತಳ್ಳುವಾಗ ಅವರ ಕಣ್ಣು ಮಂಜಾಗಿತ್ತು. ಬೆವರಿರಬೇಕೆಂದು ಡ್ರೈವರ್ ಅಂದುಕೊಂಡರು.

ಸಂಜೆ ಫೋನ್ ಬಂತು.

"ಹೆಣ್ಣು ಮಗು ಕಣೋ! ನಾನು ಬಾಗಿಲಲ್ಲಿ ಕಾಲಿಡೋದಕ್ಕೂ ಅದು ಅಳೋದಕ್ಕೂ ಸರಿಹೋಯ್ತು."

"ಅಕ್ಕ, ನನ್ನಿಂದ ತಪ್ಪಾಯ್ತು" ಎಂದರು ಗ್ರಂಥಪಾಲಕರು. ಮಾತು ಸರಾಗವಾಗಿ ಬಂತು.

"ಬಿಡೋ ಅದನ್ನ. ಬೀಗಿತ್ತಿ ನಿನ್ನ ಕಾರಿನ ವಿಷಯ ಕೇಳಿದ್ರು. ಅವ್ರ ಮುಂದೆ ತಮ್ಮನ್ನ ಬಿಟ್ಟುಕೊಡೋಕಾಗುತ್ತಾ? ಪೆಟ್ರೋಲ್ ಮೂಸಿ ನೋಡಿದ್ರೆ ಸಾಕು, ಓಡುತ್ತೆ ಅಂದ್ಬಿಟ್ಟೆ."

"ನೀನಿಲ್ದಿದ್ರೆ ನನ್ನ ಮಾನ ಉಳೀತಿರ್ಲಿಲ್ಲ ಅಕ್ಕ."

"ಅದಕ್ಕೇ ಅವ್ರು ರೈಲು ಬೇಡ ಅಂದ್ರು. ಬಾಣಂತಿ, ಮಗು, ನಾನು, ಬೀಗಿತ್ತಿ, ಎಲ್ಲ ನಿನ್ನ ಕಾರಲ್ಲೇ ಊರಿಗೆ ಬರೋದು ಅಂತ ತೀರ್ಮಾನ ಆಗಿದೆ. ವಾಪಸ್ಸೂ ನೀನೇ ಬಿಡ್ಬೇಕು."

ಗ್ರಂಥಪಾಲಕರು ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಇದೀಯೇನೋ? ಹಾಂ, ಬೀಗಿತ್ತಿ ಅಜ್ಜಿ ಕಾಲದ ತೊಟ್ಟಿಲೊಂದಿದೆ, ತೇಗದ್ದು. ನಾಲ್ಕು ಜನ ಎತ್ಬೇಕು. ಅದನ್ನ ಕಾರಿನ ಮೇಲೆ ಕಟ್ಟೋಣ, ಆಯ್ತಾ?"