ಅತಿಥಿಯೊಳಗಿನ ತಿಥಿ

ಗಿರಾಕಿಗಳ ಮಾಹಿತಿಯನ್ನು ವೆಬ್‌ಸೈಟಿಗೆ ಜೋಡಿಸುವುದು ನಲ್ಲಿಗೆ ಪೈಪು ಜೋಡಿಸಿದಷ್ಟೇ ಸುಲಭ ಎಂದು ನಾನು ನನ್ನ ಹೆಂಡತಿ ಸುಮಾಳಿಗೆ ಹೇಳಿದೆ. ನಾನು ನಲ್ಲಿಗೆ ಪೈಪು ಜೋಡಿಸಿದ ದಿನ ಏನಾಯಿತೆಂದು ಅವಳು ನೆನಪಿಸಿದಳು. ಅದು ಬೇರೆ ವಿಷಯ!

ಸುಮಾ ಅಲ್ಲಾಳಸಂದ್ರದ ನಮ್ಮ ಮನೆಯಿಂದಲೇ ಸಮಾರಂಭಗಳಿಗೆ ಅಡುಗೆ ಮಾಡಿಕೊಡುತ್ತಾಳೆ. ಯಾರ ಮನೆಯಲ್ಲಿ ಏನು, ಯಾವತ್ತು, ಎಷ್ಟು ಜನ, ಹೋಳಿಗೆಯೋ ಜಾಮೂನೋ ಎಲ್ಲವೂ ಅವಳ ಫೋನಿನ ಒಂದು ತಂತ್ರಾಂಶದಲ್ಲಿರುತ್ತದೆ. ಬಲ್ಲವರು ಅದನ್ನು ಸಿಆರ್‌ಎಂ ಅನ್ನುತ್ತಾರೆ. ನನ್ನ ಯೋಜನೆ ಇಷ್ಟೆ: ಆ ಮಾಹಿತಿಗೆ ಒಂದು ವೆಬ್ ಪುಟ ಜೋಡಿಸುವುದು. ಸುಮಾ ಇಲ್ಲಿ ಹೋಳಿಗೆ ಅಳಿಸಿ ಜಾಮೂನು ಎಂದು ಬರೆದರೆ, ಗಿರಾಕಿಯ ಫೋನಿನಲ್ಲಿ ಆ ಕ್ಷಣವೇ ಹೋಳಿಗೆ ಮಾಯ, ಜಾಮೂನು ಪ್ರತ್ಯಕ್ಷ!

"ಯಾಕ್ರೀ ಇದೆಲ್ಲಾ? ಅವರು ಫೋನ್ ಮಾಡ್ತಾರೆ, ನಾನು ಹೇಳ್ತೀನಿ."

"ಕಾಲ ಬದಲಾಗಿದೆ ಕಣೇ."

"ನೀವು ಬದಲಾಗಿಲ್ವಲ್ಲ, ಅದೇ ಭಯ."

ಭಯಕ್ಕೆ ಕಾರಣವಿತ್ತು. ಅವಳಿಗೆ ಮೊದಲ ಸಲ ದೊಡ್ಡ ಆರ್ಡರ್ ಬಂದಿತ್ತು. ಆರ್.ಟಿ. ನಗರದ ಪದ್ಮಾವತಮ್ಮನವರ ಸೊಸೆ ಸೌಮ್ಯಳ ಸೀಮಂತ. ಛತ್ರದಲ್ಲಿ ಮುನ್ನೂರು ಜನಕ್ಕೆ ಊಟ. "ಇದೊಂದು ಚೆನ್ನಾಗಿ ಆದ್ರೆ ಆ ಬೀದಿಯ ಅಡುಗೆಯೆಲ್ಲ ನಂದೇ" ಎಂದು ಸುಮಾ ಕನಸಿನಲ್ಲೂ ಬೇಳೆ ನೆನೆಹಾಕುತ್ತಿದ್ದಳು.

ಪುಟ ಶುದ್ಧ ಕನ್ನಡದಲ್ಲಿರಬೇಕೆಂದು ನಾನು ತೀರ್ಮಾನಿಸಿದೆ. ದಿನಾಂಕ ಎಂಬ ಪದಕ್ಕೆ ತಾಲ್ಲೂಕು ಕಚೇರಿಯ ವಾಸನೆ. ಲಗ್ನಪತ್ರಿಕೆಗಳಲ್ಲಿ ಇರುವುದಿಲ್ಲವೇ, ಎಷ್ಟು ಗಂಭೀರವಾಗಿ, ಎಷ್ಟು ಮಂಗಳಕರವಾಗಿ? ಹಾಗೆ 'ತಿಥಿ' ಎಂದು ಹಾಕಿದೆ. ಜನರ ಸಂಖ್ಯೆ ಎನ್ನುವ ಕಡೆ 'ಅತಿಥಿಗಳು' ಎಂದು ಬರೆದೆ. ನಾನು ಇದನ್ನು ಭಾಷಾಪ್ರೇಮ ಎಂದೇ ನೆನಪಿಟ್ಟುಕೊಂಡಿದ್ದೇನೆ. ಸುಮಾಳ ನೆನಪಿನ ಪ್ರಕಾರ, ಪುಟದ ಚೌಕದೊಳಗೆ ದಿನಾಂಕ ಎಂಬ ಪದ ಹಿಡಿಯಲಿಲ್ಲ, ಎರಡೇ ಅಕ್ಷರದ ಪದ ಹುಡುಕುತ್ತಿದ್ದೆ. ಎರಡರಲ್ಲಿ ನಿಜ ಯಾವುದೋ ನನಗೂ ಗೊತ್ತಿಲ್ಲ.

ಪರೀಕ್ಷೆ ಮಾಡಲೆಂದು ತಂತ್ರಾಂಶದವರು ಒಂದಷ್ಟು ಸುಳ್ಳು ಗಿರಾಕಿಗಳನ್ನು ಕೊಟ್ಟಿರುತ್ತಾರೆ. ಎಬಿಸಿ ಎಂಬವರ ಮದುವೆ, ಎಕ್ಸ್‌ವೈಜೆಡ್ ಎಂಬವರ ನಾಮಕರಣ. ಸ್ವಲ್ಪ ಹೊತ್ತು ಅವರೊಂದಿಗೆ ಆಡಿದೆ. ಬೇಸರವಾಯಿತು. ಪಕ್ಕದಲ್ಲೇ ಇನ್ನೊಂದು ಗುಂಡಿ: 'ಲೈವ್', ಅಂದರೆ ನಿಜವಾದ ಗಿರಾಕಿಗಳು.

ಈ ಕಥೆ ಹೇಳುವಾಗಲೆಲ್ಲ ನಾನು, ಕಾಫಿ ಲೋಟ ಎತ್ತಿಕೊಳ್ಳಲು ಹೋಗಿ ಕೈ ತಗುಲಿತು ಅನ್ನುತ್ತೇನೆ. ಅವತ್ತು ಮನೆಯಲ್ಲಿ ಹಾಲೇ ಇರಲಿಲ್ಲ ಎನ್ನುತ್ತಾಳೆ ಸುಮಾ.

ಪುಟ ಲೈವ್ ಆದೊಡನೆ ಎಲ್ಲ ಗಿರಾಕಿಗಳಿಗೂ ತಾನಾಗಿಯೇ ಒಂದು ಸಂದೇಶ ಹೋಗುವ ಏರ್ಪಾಡು ಮಾಡಿದ್ದೆ. ನಾನು ಮಾಡಿದ್ದರಲ್ಲಿ ಮೊದಲ ಸಲಕ್ಕೇ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ!

ಮೊದಲು ಬಂದವರು ಪಕ್ಕದ ಮನೆಯ ನಾಗರಾಜಪ್ಪ. ಅಲ್ಲಾಳಸಂದ್ರ ಹಳ್ಳಿಯಾಗಿದ್ದ ಕಾಲದಿಂದಲೂ ಇರುವವರು. ಬರುವ ಭಾನುವಾರ ಅವರ ಅರವತ್ತರ ಶಾಂತಿಗೆ ನಮ್ಮದೇ ಅಡುಗೆ. ಫೋನನ್ನು ನನ್ನ ಮೂಗಿಗೆ ಹಿಡಿದರು. "ನಾಗರಾಜಪ್ಪನವರೇ, ನಿಮ್ಮ ತಿಥಿ: ಭಾನುವಾರ. ಅತಿಥಿಗಳು: 150. ಸಂತೋಷದಿಂದ ಬಡಿಸಲು ಕಾಯುತ್ತಿದ್ದೇವೆ."

"ತಿಥಿ ಅಂದ್ರೆ ದಿನ ಅಂತ ಅರ್ಥ, ನಾಗರಾಜಪ್ಪನೋರೇ. ಪಂಚಾಂಗದಲ್ಲಿ..."

"ಅರ್ಥ ಅಂಗಿರ್ಲಿ ಸ್ವಾಮಿ. ಭಾನುವಾರ ಅಂತ ಯಾರ್ ಏಳಿದ್ದು ನಿಮ್ಗೆ? ಡಾಕ್ಟ್ರು ನಂಗೇನೂ ಏಳ್ಲೇ ಇಲ್ಲ!"

ಸುಮಾ ಸೌಟು ಹಿಡಿದುಕೊಂಡೇ ಬಂದಳು. ಓದಿದಳು. ನಗುತ್ತಾಳೆ ಅಂದುಕೊಂಡೆ.

"ಆರ್.ಟಿ. ನಗರಕ್ಕೂ ಹೋಗಿದ್ಯಾ?"

ಹೋಗಿತ್ತು. 'ಸೌಮ್ಯ ಅವರೇ, ನಿಮ್ಮ ತಿಥಿ: ಶುಕ್ರವಾರ.'

ಸುಮಾ ಕುರ್ಚಿಯಲ್ಲಿ ಕುಸಿದಳು. "ಬಸುರಿ ಹುಡುಗಿ ಕಣ್ರೀ" ಎಂದಳು. ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಂದೇ ನಿಮಿಷ, ಸರಿಮಾಡ್ತೀನಿ" ಎಂದೆ. ಇಡೀ ಪುಟದಲ್ಲಿ 'ತಿಥಿ' ಎಂದು ಇರುವ ಕಡೆಯೆಲ್ಲ 'ಶುಭದಿನ' ಎಂದು ಮಾಡು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ತಿಥಿಯಂಥ ಅಮಂಗಳವನ್ನು ಶುಭದಿನವೇ ತೊಳೆಯಬೇಕು! ಅದು ವಿಧೇಯ ಯಂತ್ರ. ಒಂದನ್ನೂ ಬಿಡದೆ ಬದಲಾಯಿಸಿ, ತಿದ್ದುಪಡಿಯನ್ನು ಎಲ್ಲರಿಗೂ ಕಳಿಸಿತು.

ಇನ್ನೂ ಅಲ್ಲೇ ಇದ್ದ ನಾಗರಾಜಪ್ಪನವರ ಫೋನು ಟಿಂಗ್ ಎಂದಿತು. ಅವರು ಗಟ್ಟಿಯಾಗಿ ಓದಿದರು. "ನಿಮ್ಮ ಶುಭದಿನ: ಭಾನುವಾರ. ಅಶುಭದಿನಗಳು: 150."

ಅತಿಥಿಯ ಹೊಟ್ಟೆಯೊಳಗೆ ತಿಥಿ ಕೂತಿರುವುದು ಹುಟ್ಟಿದಾಗಿನಿಂದ ಕನ್ನಡ ಮಾತಾಡುವ ನನಗೆ ಕಂಡಿರಲಿಲ್ಲ. ಯಂತ್ರಕ್ಕೆ ಕಂಡಿತ್ತು!

"ನೂರೈವತ್ತು ದಿನ" ಎಂದರು ನಾಗರಾಜಪ್ಪ. "ಪರ್ವಾಗಿಲ್ಲ ಬಿಡಿ. ಭಾನುವಾರಕ್ಕಿಂತ ವಸಿ ಟೈಮ್ ಸಿಕ್ತು."

ಅಷ್ಟರಲ್ಲಿ ಯಶವಂತಪುರದ ಗುರುರಾಜ್ ಎಂಬುವರ ಫೋನು. ಅವರ ತಂದೆಯ ವರ್ಷದ ಕಾರ್ಯಕ್ಕೆ ಅಡುಗೆ ಹೇಳಿದ್ದರು. ಬಹಳ ಮೆತ್ತಗೆ ಮಾತಾಡಿದರು. "ಮೇಡಂ, ಮೊದಲನೇ ಮೆಸೇಜ್ ಸರಿಯಾಗೇ ಇತ್ತಲ್ಲ. ಯಾಕೆ ಬದಲಾಯಿಸಿದ್ರಿ?"

ನನ್ನ ಪುಟಕ್ಕೆ ಇದ್ದ ಒಬ್ಬನೇ ತೃಪ್ತ ಗಿರಾಕಿಯನ್ನೂ ನಾನು ಕಳೆದುಕೊಂಡಿದ್ದೆ.

ಸುಮಾ ಇಂಟರ್‌ನೆಟ್ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತಳು. ಸಂದೇಶಗಳು ಊರೆಲ್ಲ ತಲುಪಿಯಾಗಿತ್ತು. ಆಮೇಲೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳು ಅಲುಗಾಡದೆ ನಿಂತಿದ್ದವು. ಸುತ್ತ ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು. ಅವಳೊಬ್ಬಳೇ ಹೊಡೆಯಲಿಲ್ಲ.

ಪದ್ಮಾವತಮ್ಮ ಬಾಗಿಲಲ್ಲೇ ನಿಂತಿದ್ದರು. "ಏನಮ್ಮ ಸುಮಾ, ಸೀಮಂತದ ಮನೆಗೆ ಇಂಥ ಮಾತು ಕಳ್ಸೋದಾ? ಬೇರೆಯವರಿಗೆ ಹೇಳಿಬಿಡು ಅಂತ ನಮ್ಮನೆಯವರು ಅಂತಿದಾರೆ."

ನಾನು ಗಂಟಲು ಸರಿಮಾಡಿಕೊಂಡೆ. "ಅಮ್ಮಾ, ಇದರಲ್ಲಿ ಅಮಂಗಳವಿಲ್ಲ. ತಿಥಿ ಎಂದರೆ ದಿನ. ಗೊತ್ತಾದ ದಿನವಿಲ್ಲದೆ, ಹೇಳದೆ ಕೇಳದೆ ಬರುವವನೇ ಅ-ತಿಥಿ..."

"ರೀ, ಸಾಕು!" ಎಂದಳು ಸುಮಾ.

ಒಳಗಿನಿಂದ ನಗು ಕೇಳಿಸಿತು. ಸೌಮ್ಯ ಗೋಡೆ ಹಿಡಿದುಕೊಂಡು ಬಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಹಾಗಾದ್ರೆ ಇದು ಅತಿಥಿನೇ ಅತ್ತೆ! ಡಾಕ್ಟ್ರು ಹೇಳೋ ಡೇಟಿಗೆ ಯಾವ ಮಗು ಬರುತ್ತೆ?" ಎಂದು ಬಿದ್ದು ಬಿದ್ದು ನಕ್ಕಳು.

"ನಿಧಾನ ಕಣೇ, ನಿಧಾನ!" ಎಂದು ಪದ್ಮಾವತಮ್ಮ ಅವಳನ್ನು ಹಿಡಿದುಕೊಂಡರು. ಅವರ ತುಟಿಯೂ ಅದುರುತ್ತಿತ್ತು.

ಸುಮಾ ಮೆಲ್ಲಗೆ ಹೇಳಿದಳು. "ಅಮ್ಮ, ಬರೆದಿದ್ದು ಇವರು. ಅಡುಗೆ ಮಾಡೋದು ನಾನು. ಇವರನ್ನ ಒಲೆ ಹತ್ರ ಒಂದು ದಿನಾನೂ ಬಿಟ್ಟಿಲ್ಲ."

ಆರ್ಡರ್ ಉಳಿಯಿತು. ಉಳಿಸಿದ್ದು ನನ್ನ ಪದವ್ಯುತ್ಪತ್ತಿ ಎಂದೇ ನನ್ನ ನೆನಪು. ತಾನು ಹೇಳಿದ ಕೊನೆಯ ಮಾತು ಎಂದು ಸುಮಾಳ ನೆನಪು. ಸೌಮ್ಯಳನ್ನು ಕೇಳಿದರೆ ನಗಲು ಶುರುಮಾಡುತ್ತಾಳೆ, ಉತ್ತರ ಬರುವುದಿಲ್ಲ.

ಸೀಮಂತದ ದಿನ ಛತ್ರದಲ್ಲಿ ಒಬ್ಬಟ್ಟಿನ ಪರಿಮಳಕ್ಕೆ ಜನ ಆರತಿ ಮುಗಿಯುವುದನ್ನೇ ಕಾಯುತ್ತಿದ್ದರು. ಪದ್ಮಾವತಮ್ಮ ಕೈ ಮುಗಿದು, "ಅತಿಥಿಗಳೆಲ್ಲ..." ಎಂದು ಶುರುಮಾಡಿ, ನನ್ನನ್ನು ನೋಡಿ, "ಬಂದವರೆಲ್ಲ ಊಟಕ್ಕೆ ಬನ್ನಿ" ಎಂದು ತಿದ್ದಿಕೊಂಡರು. ಊಟದ ನಡುವೆ ಸುಮಾಳ ಕೈ ಹಿಡಿದುಕೊಂಡು, ನಾಮಕರಣಕ್ಕೂ ನಿನ್ನದೇ ಅಡುಗೆ ಎಂದರು.

"ಅಂದಾಜು ಯಾವಾಗಮ್ಮಾ?"

ಅವರು ನನ್ನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಆಮೇಲೆ ಫೋನ್ ಮಾಡ್ತೀನಿ."

ಓದು ಬರಹ ಬೇಡದ ಕೆಲಸವೆಂದು ಅವತ್ತು ನನ್ನನ್ನು ಉಪ್ಪು ಬಡಿಸಲು ಬಿಟ್ಟಿದ್ದರು. ಎರಡನೇ ಪಂಕ್ತಿ ಕೂತಿತು, ಉತ್ಸಾಹದಿಂದ ಬಟ್ಟಲು ಹಿಡಿದು ಎದ್ದೆ. ಸುಮಾ ತಡೆದಳು.

ಮೊದಲ ಪಂಕ್ತಿಯವರಿಗೆ ಒಮ್ಮೆ ಉಪ್ಪು ಬಡಿಸಿ, ಆಮೇಲೆ ಅದೇ ಎಲೆಗಳಿಗೆ ತಿದ್ದುಪಡಿಯನ್ನೂ ಬಡಿಸಿದ್ದೆನಂತೆ!